ಬಲಗಡೆ ಜೇಬಿನ ಬಿಳಿ ಕೋಟು

ದೆವ್ವ, ಗಾಳಿ ಎಂದು ಕಥೆ ಹೇಳಿಕೊಂಡು ನನ್ನ ಅಂಗಡಿಗೆ ಬಂದವರನ್ನೆಲ್ಲ ನಾನು ನಕ್ಕು ಕಳಿಸಿದವನು. ಕುರುಗೋಡಿನಲ್ಲಿ ನಲವತ್ತು ವರ್ಷದಿಂದ ಹೊಲಿಗೆ ಮಷಿನ್ ತುಳಿಯುತ್ತಿದ್ದೇನೆ. ಟೇಪು ಹಿಡಿದು ಅಳೆದದ್ದನ್ನು ಮಾತ್ರ ನಂಬುವುದು ನನ್ನ ರೂಢಿ. ಓದಿದ್ದು ಮೂರನೇ ಕ್ಲಾಸು. ಗಿರಾಕಿಗಳ ಎದೆ, ಸೊಂಟದ ಅಳತೆ ಬಿಟ್ಟರೆ ಬೇರೇನೂ ಬರೆದವನಲ್ಲ. ತಪ್ಪಿದ್ದರೆ ಓದುವವರು ಸರಿಮಾಡಿಕೊಳ್ಳಬೇಕು.

ಮೊದಲು ಸಂತೋಷದ ಮಾತು ಹೇಳಿಬಿಡುತ್ತೇನೆ, ಇಲ್ಲದಿದ್ದರೆ ಕೈ ಮುಂದಕ್ಕೆ ಓಡುವುದಿಲ್ಲ. ನನ್ನ ಮೊಮ್ಮಗಳು ನಾಗವೇಣಿ ನರ್ಸ್ ಆಗಿದ್ದಾಳೆ. ಬಳ್ಳಾರಿಯಲ್ಲಿ ನಾಲ್ಕು ವರ್ಷ ಬಿ.ಎಸ್ಸಿ ನರ್ಸಿಂಗ್ ಓದಿ ಪಾಸಾಗಿದ್ದಾಳೆ. ಬಸ್ಸಿನಲ್ಲಿ ಪಕ್ಕ ಕೂತವರು ಕೇಳದಿದ್ದರೂ ಇದನ್ನು ಹೇಳುತ್ತೇನೆ. ಹೋದ ವಾರ ಅಂಗಿಗೆ ಗುಂಡಿ ಹಚ್ಚಿಸಲು ಬಂದವನೊಬ್ಬ, "ತಾತ, ಇದನ್ನ ಮೂರು ಸಲ ಹೇಳಿದಿ, ಗುಂಡಿ ಮಾತ್ರ ಇನ್ನಾ ಹಚ್ಚಿಲ್ಲ" ಎಂದ. ಹೇಳಲಿ ಬಿಡಿ.

ವೇಣಿಯ ಅಪ್ಪ, ಅಂದರೆ ನನ್ನ ಮಗ, ಸಿರುಗುಪ್ಪದ ಒಂದು ರೈಸ್ ಮಿಲ್ಲಿನಲ್ಲಿ ಕೆಲಸ ಮಾಡುತ್ತಾನೆ. ಹುಡುಗಿ ಬೆಳೆದದ್ದು ನಮ್ಮ ಹತ್ತಿರ. ನನ್ನ ಹೆಂಡತಿ ಆಂಧ್ರದ ಗಡಿಯ ಕಡೆಯವಳು. ಅದಕ್ಕೆ ವೇಣಿ ಅವಳನ್ನು ಅಜ್ಜಿ ಅನ್ನುವುದಿಲ್ಲ, ಅವರ ಕಡೆಯ ತೆಲುಗಿನಲ್ಲಿ 'ಜೇಜಿ' ಅನ್ನುತ್ತಾಳೆ. ನಮ್ಮ ಓಣಿಯಲ್ಲಿ ಆ ಮಾತು ಆಡುವವರು ಬೇರೆ ಯಾರೂ ಇಲ್ಲ.

ಕಾಲೇಜಿಗೆ ಬೇಕಾದ ಬಿಳಿ ಕೋಟನ್ನು ನಾನೇ ಹೊಲಿದು ಕೊಟ್ಟಿದ್ದೆ. ವೇಣಿ ಎಡಗೈಯವಳು. ಎಲ್ಲರ ಕೋಟಿನ ಹಾಗೆ ಎದೆಯ ಜೇಬನ್ನು ಎಡಗಡೆ ಇಟ್ಟರೆ ಪೆನ್ನು ತೆಗೆಯಲು ತಿಣುಕುತ್ತಾಳೆಂದು ಬಲಗಡೆ ಇಟ್ಟೆ. ಅವಳ ಗೆಳತಿಯರು ಮೊದಮೊದಲು, "ನಿಮ್ಮ ತಾತ ಕೋಟನ್ನ ಕನ್ನಡಿ ನೋಡ್ಕೋತ ಹೊಲ್ದಾನೇನು?" ಎಂದು ಆಡಿಕೊಂಡರಂತೆ. ಅಂಥ ಕೋಟು ಆ ಕಾಲೇಜಿನಲ್ಲಿ ಇನ್ನೊಂದಿರಲಿಲ್ಲ.

ಅವಳ ಕೊನೆಯ ವರ್ಷದ ಪ್ರಾಕ್ಟಿಕಲ್ ಪರೀಕ್ಷೆಯ ದಿನ ಅದು. ಬಳ್ಳಾರಿಯ ದೊಡ್ಡ ಆಸ್ಪತ್ರೆಯೊಂದರಲ್ಲಿ ಬೆಳಗಿನ ಒಂಬತ್ತರಿಂದ ಸಂಜೆ ಐದರವರೆಗೆ. ಫೋನು ಇಸಿದುಕೊಳ್ಳುತ್ತಾರೆ, ಸಂಜೆಯವರೆಗೆ ಮಾತಾಡಲಾಗದು ಎಂದು ಹಿಂದಿನ ದಿನವೇ ಹೇಳಿದ್ದಳು. ಈ ಒಂದು ದಿನ ತಪ್ಪಿದರೆ ಒಂದು ವರ್ಷ ಹೋಯಿತು ಎಂದೂ ಹೇಳಿದ್ದಳು.

ಮಧ್ಯಾಹ್ನ ಎರಡು ಗಂಟೆ ಇರಬಹುದು. ಹೆಂಡತಿ ಊಟ ಮಾಡಿದಾಗಿನಿಂದ ಎದೆ ಹಿಡಿದಂತಾಗಿದೆ, ಗ್ಯಾಸ್ ಆಗಿದೆ ಎಂದು ಒಳಗೆ ಮಲಗಿದ್ದಳು. ನಾನು ಸೋಡಾ ತಂದು ಕುಡಿಸಿ, ನನ್ನ ಅಂಗಡಿಯೂ ಆದ ಮುಂದಿನ ಕೋಣೆಯಲ್ಲಿ ಮಷಿನ್ ಮುಂದೆ ಕೂತಿದ್ದೆ. ಆಗ ವೇಣಿ ಬಾಗಿಲಲ್ಲಿ ಚಪ್ಪಲಿ ಬಿಟ್ಟು ಒಳಗೆ ಬಂದಳು. ಮೈಮೇಲೆ ಅದೇ ಕೋಟು, ಬಲಗಡೆ ಜೇಬು.

"ಏನವ್ವಾ, ಪರೀಕ್ಷಿ ಇವತ್ತಲ್ಲೇನು? ಬಿಟ್ಟು ಬಂದಿಯೇನು?" ಎಂದೆ.

ಅವಳು ನನ್ನ ಪಕ್ಕದಲ್ಲೇ ಹಾದು ಒಳಗೆ ಹೋದಳು. ಎಡಭುಜದ ಹೊಲಿಗೆ ಎರಡು ಬೆರಳಿನಷ್ಟು ಬಿಚ್ಚಿದ್ದು ಕಾಣಿಸಿತು. ಹೊಲಿಗೆಯವನ ಕಣ್ಣು, ಮೊದಲು ಅಲ್ಲಿಗೇ ಹೋಗುತ್ತದೆ. ಒಳಗಿಂದ "ಜೇಜಿ, ಕೈ ಕೊಡು" ಎಂದದ್ದು ಕೇಳಿಸಿತು. ನಾನು ಎದ್ದು ನೋಡಿದಾಗ ಬಳೆಗಳನ್ನು ಮೇಲಕ್ಕೆ ಸರಿಸಿ, ಮೂರು ಬೆರಳಿಟ್ಟು, ಗಡಿಯಾರ ನೋಡುತ್ತಾ ನಾಡಿ ಎಣಿಸುತ್ತಿದ್ದಳು. ಆಮೇಲೆ ನನ್ನ ಕಡೆ ತಿರುಗಿ, "ತಾತ, ಇದು ಗ್ಯಾಸ್ ಅಲ್ಲ. ಈಗಿಂದೀಗ ಬಳ್ಳಾರಿಗೆ ಕರ್ಕೊಂಡು ಹೋಗು" ಎಂದಳು. ಅಷ್ಟೇ ಮಾತು.

ಓಣಿಯ ತುದಿಗೆ ಹೋಗಿ ಪರಿಚಯದವನ ಕಾರು ತಂದೆ. ಬರುವಷ್ಟರಲ್ಲಿ ವೇಣಿ ಇರಲಿಲ್ಲ. ಹೆಂಡತಿ, "ನಿನ್ನ ಹಿಂದೇನ ಹೋದ್ಲಲ್ಲ" ಎಂದಳು. ನಾನು ಬೈಯುತ್ತೇನೆಂದು ತಪ್ಪಿಸಿಕೊಂಡಳು ಎಂದುಕೊಂಡೆ. ದಾರಿಯಲ್ಲೇ ಮಗನಿಗೆ ಫೋನು ಮಾಡಿ, ಅವ್ವನಿಗೆ ಹುಷಾರಿಲ್ಲ, ನಿನ್ನ ಮಗಳು ಪರೀಕ್ಷೆ ಬಿಟ್ಟು ಓಡಾಡುತ್ತಿದ್ದಾಳೆ ಎಂದು ಎರಡನ್ನೂ ಒಂದೇ ಉಸಿರಿನಲ್ಲಿ ಹೇಳಿಬಿಟ್ಟೆ.

ವೇಣಿಯ ಪರೀಕ್ಷೆ ಇದ್ದ ಆ ದೊಡ್ಡ ಆಸ್ಪತ್ರೆಗೇ ಹೋದೆವು. ಅಲ್ಲಿನ ಡಾಕ್ಟರು ನೋಡಿ, ಇದು ಹಾರ್ಟ್ ಅಟ್ಯಾಕು, ಇನ್ನೊಂದು ತಾಸು ತಡವಾಗಿದ್ದರೆ ಕಷ್ಟವಿತ್ತು ಎಂದರು. ಹೆಂಡತಿಯನ್ನು ಒಳಗೆ ಕರೆದುಕೊಂಡು ಹೋದರು. ಸಿರುಗುಪ್ಪದಿಂದ ಮಗ ಬಂದ. ಅವನ ಅವ್ವ ಕಣ್ಣು ಬಿಟ್ಟು ಮಾತಾಡಿದ ಮೇಲೆ ನಾವಿಬ್ಬರೂ ಅದೇ ಆಸ್ಪತ್ರೆಯ ಇನ್ನೊಂದು ಕಟ್ಟಡಕ್ಕೆ, ಪರೀಕ್ಷೆ ನಡೆಯುವಲ್ಲಿಗೆ ಹೋದೆವು. ಬಾಗಿಲಲ್ಲಿದ್ದ ವಾಚ್‌ಮನ್, "ಒಳಗ ಬಿಡಂಗಿಲ್ರಿ. ಹುಡುಗೀರೆಲ್ಲಾ ಕೇಸ್ ಮ್ಯಾಲ ಅದಾರ" ಎಂದ.

"ಏನು ಕೇಸು? ಯಾವ ಸ್ಟೇಷನ್ನು?" ಎಂದೆ.

ಅವನು ಬಾಯಿಗೆ ಟವೆಲ್ ಅಡ್ಡ ಹಿಡಿದು ನಕ್ಕ. "ಕೇಸಂದ್ರ ಪೇಷಂಟ್ರೀ ಯಜಮಾನ್ರ. ಒಬ್ಬೊಬ್ಬರಿಗೆ ಒಂದೊಂದು ಪೇಷಂಟ್ ಕೊಟ್ಟಿರ್ತಾರ, ನೋಡ್ಕೋಬೇಕು."

ಐದಕ್ಕೆ ಹುಡುಗಿಯರು ಹೊರಗೆ ಬಂದರು. ವೇಣಿಯೂ ಬಂದಳು. ನಮ್ಮನ್ನು ನೋಡಿ, "ಇಲ್ಯಾಕ ಬಂದ್ರಿ ತಾತ? ನನ್ನ ಕೇಸ್ ಚಲೋ ಆತು" ಎಂದಳು. ಜೇಜಿಯ ವಿಷಯ ಹೇಳಿದೊಡನೆ ಮುಖ ಬಿಳಿಚಿಕೊಂಡಿತು. ನನಗೆ ಅದೂ ನಾಟಕವೆನಿಸಿತು. ಕೋಟಿನ ಎಡಭುಜ ಹಿಡಿದು ನೋಡಿದೆ. ಹೊಲಿಗೆ ಗಟ್ಟಿಯಾಗಿತ್ತು. ಮತ್ತೆ ಹೊಲಿದದ್ದಲ್ಲ, ನಾನು ಮೊದಲು ಹಾಕಿದ್ದೇ ದಾರ. ಆದರೂ ನನ್ನ ಬಾಯಿ ಸುಮ್ಮನಿರಲಿಲ್ಲ. "ಮಧ್ಯಾಹ್ನ ಮನಿಗೆ ಬಂದಿದ್ದಿಲ್ಲೇನು? ಸುಳ್ಳು ಹೇಳಬ್ಯಾಡ" ಎಂದೆ.

ಅವಳು ಅಪ್ಪನ ಮುಖ ನೋಡಿದಳು. "ಅಪ್ಪಾ, ತಾತ ಏನ್ ಮಾತಾಡಾಕತ್ತಾನ?" ಎಂದಳು. ಕಣ್ಣಲ್ಲಿ ನೀರು ಬಂತು.

ಅವಳ ಕಾಲೇಜಿನ ಮೇಡಂ ಹೊರಗೆ ಬಂದರು. ಎಲ್ಲ ಕೇಳಿಕೊಂಡು, ಈ ಹುಡುಗಿ ಬೆಳಗಿನಿಂದ ನನ್ನ ಕಣ್ಣೆದುರಿಗೇ ಇದ್ದಾಳೆ, ಎರಡು ಗಂಟೆಗೆ ಅವಳನ್ನು ಪ್ರಶ್ನೆ ಕೇಳುತ್ತಿದ್ದವಳು ನಾನೇ ಎಂದರು. ಕುರುಗೋಡಿಗೆ ಹೋಗಿ ಬರುವುದಕ್ಕೆ ಎರಡು ತಾಸಾದರೂ ಬೇಕು. ಅದು ನನಗೆ ಗೊತ್ತಿಲ್ಲದ ಲೆಕ್ಕವಲ್ಲ. ಆದರೆ ಅನುಮಾನ ಎಂಥದ್ದೆಂದರೆ, ಮೇಡಂಗೆ ಇವಳ ಮೇಲೆ ಪ್ರೀತಿ, ಮುಚ್ಚಿಡುತ್ತಿರಬಹುದು ಎಂದೂ ಆ ಗಳಿಗೆಯಲ್ಲಿ ಅನಿಸಿತು. ಅದನ್ನು ಬರೆಯಲು ನಾಚಿಕೆಯಾಗುತ್ತದೆ.

ಊರಿಗೆ ಬಂದ ಮೇಲೆ ಪತ್ತೆ ಮಾಡಿದೆ. ಎದುರು ಮನೆಯ ಈರಮ್ಮ ಅವತ್ತು ಕಟ್ಟೆಯ ಮೇಲೆ ಮೆಣಸಿನಕಾಯಿ ತೊಟ್ಟು ಮುರಿಯುತ್ತಾ ಕೂತಿದ್ದಳು. "ಯಾರೋ ಬಿಳಿ ಕೋಟಿನ ಹುಡುಗಿ ಒಳಗ ಹೋಗಿದ್ದು ನೋಡೀನಪ್ಪ. ಬೆನ್ನು ಕಂಡಿದ್ದು ಖರೆ, ಮುಖ ನೋಡಿಲ್ಲ" ಎಂದಳು. ಹೊರಗೆ ಬಂದದ್ದನ್ನು ನೋಡಿರಲಿಲ್ಲ. ಸರ್ಕಾರಿ ಆಸ್ಪತ್ರೆಗೆ ಹೋಗಿ, ನರ್ಸಿಂಗ್ ಓದುವ ಹುಡುಗಿಯರು ಯಾರಾದರೂ ಮನೆ ಮನೆ ತಿರುಗುತ್ತಿದ್ದರೇ ಎಂದು ಕೇಳಿದೆ. ಆ ದಿನ ಯಾರೂ ಬಂದಿರಲಿಲ್ಲ. ನನ್ನ ಕಣ್ಣಿಗೇ ಪೊರೆ ಬಂದಿರಬೇಕೆಂದು ಅದನ್ನೂ ತೋರಿಸಿಕೊಂಡು ಬಂದೆ. ಪೊರೆ ಇರಲಿಲ್ಲ. ಇದ್ದರೂ, ಜೇಜಿ ಎಂದದ್ದನ್ನು ಕೇಳಿದ್ದು ಕಿವಿ.

ಹೆಂಡತಿಗೆ ಮಾತ್ರ ಯಾವ ಗೊಂದಲವೂ ಇಲ್ಲ. "ಬಂದಾಕಿ ವೇಣೀನ. ಆಕಿ ಬೆರಳು ನನಗ ಗೊತ್ತಾಗಂಗಿಲ್ಲೇನು?" ಎನ್ನುತ್ತಾಳೆ. ರಜೆಗೆ ಬಂದಾಗಲೆಲ್ಲ ನಾಡಿ ನೋಡುವುದನ್ನು ವೇಣಿ ಕಲಿತದ್ದು ಅವಳ ಕೈಯ ಮೇಲೆಯೇ.

ರಿಸಲ್ಟ್ ಬಂದ ದಿನ ಓಣಿಗೆಲ್ಲ ಲಾಡು ಹಂಚಿದೆ. ಸಂಜೆ ವೇಣಿ, ನಾನು ಇಬ್ಬರೇ ಇದ್ದೆವು. ಅಷ್ಟು ಸಂತೋಷದ ನಡುವೆಯೂ ಮನಸ್ಸು ತಡೆಯಲಿಲ್ಲ. "ಬೈಯಂಗಿಲ್ಲವ್ವಾ, ಖರೆ ಹೇಳು. ಅವತ್ತು ಬಂದಿದ್ದಿ ಹೌದಲ್ಲ?" ಎಂದೆ.

ಅವಳು ಕೈಯಲ್ಲಿದ್ದ ಲಾಡು ತಟ್ಟೆಗಿಟ್ಟಳು. ಸಿಟ್ಟು ಇರಲಿಲ್ಲ, ದಣಿದವರ ಹಾಗೆ ಹೇಳಿದಳು.

"ಬಂದಿದ್ದೆ ಅಂದ್ರ ನಾನು ಪರೀಕ್ಷಿ ಬರ್ದಿದ್ದು ಸುಳ್ಳು ಆಗ್ತೈತಿ. ಬಂದಿಲ್ಲ ಅಂದ್ರ ಜೇಜಿ ಮಾತು ಸುಳ್ಳು ಆಗ್ತೈತಿ. ನಿನಗ ಯಾವುದು ಬೇಕು ತಾತ?"

"ಎಲ್ಡೂ ಬೇಕವ್ವಾ" ಎಂದೆ.

"ಹಂಗಾದ್ರ ಕೇಳಬ್ಯಾಡ" ಎಂದಳು.

ಅಂದಿನಿಂದ ನಾನು ಕೇಳಿಲ್ಲ. ಅವಳೂ ಹೇಳಿಲ್ಲ.