ಕೆರೆದ ನಾಲ್ಕು ಚೌಕಗಳು

ಬೆಳಿಗ್ಗೆ 5.40. ಮಾಂಬಳ್ಳಿಯ ಕಡೆಯಿಂದ ಬರುವ ಮೊದಲ ಬಸ್ಸು ಕೊಳ್ಳೇಗಾಲದಲ್ಲಿ ನಿಲ್ಲುತ್ತದೆ, ಚನ್ನಮಲ್ಲಮ್ಮ ಇಳಿಯುತ್ತಾರೆ. 5.55ಕ್ಕೆ ನೇಕಾರರ ಬೀದಿಯ ತಿರುವಿನಲ್ಲಿ ಅವರು ಉದ್ದನೆಯ ದಾರಕ್ಕೆ ಸುಣ್ಣದ ಪುಡಿ ಸವರಿ, ಎರಡೂ ತುದಿಗಳನ್ನು ಮೊಳೆಗೆ ಬಿಗಿದು, ನಡುವೆ ಹಿಡಿದೆತ್ತಿ ಬಿಡುತ್ತಾರೆ. ಡಾಂಬರಿನ ಮೇಲೆ ನೇರವಾದ ಗುರುತು ಬೀಳುತ್ತದೆ. 6.10ಕ್ಕೆ ಆ ಗುರುತಿನ ಮೇಲೆ ಬಿಳಿ ಬಣ್ಣದ ಬ್ರಷ್ ಓಡತೊಡಗುತ್ತದೆ. ಅದೇ ಹೊತ್ತಿಗೆ ಬೀದಿಯ ನಡುಭಾಗದಲ್ಲಿ, ಯಾವ ಗೆರೆಯೂ ಇಲ್ಲದ ಇಪ್ಪತ್ತೆರಡು ಮೀಟರ್ ಜಾಗದಲ್ಲಿ, ನೇಕಾರ ಸುಬ್ಬಯ್ಯ ಮತ್ತು ಅವರ ಪತ್ನಿ ಸರಸ್ವತಮ್ಮ ರೇಷ್ಮೆ ಸೀರೆಯ ಹಾಸನ್ನು, ಅಂದರೆ ಮಗ್ಗಕ್ಕೇರಿಸುವ ಉದ್ದೆಳೆಗಳನ್ನು, ಎಳೆದು ಕಟ್ಟುತ್ತಿರುತ್ತಾರೆ.

ಆ ಜಾಗ ಖಾಲಿ ಉಳಿದಿರುವುದು ಚನ್ನಮಲ್ಲಮ್ಮನವರ ಹಟದಿಂದ. ಅದೇ ಕಾರಣಕ್ಕೆ ಅವರ ಕೆಲಸ ಈಗ ತೂಗುಯ್ಯಾಲೆಯಲ್ಲಿದೆ.

ನಲವತ್ತೇಳು ವರ್ಷದ ಈ ಮಹಿಳೆ ಹತ್ತೊಂಬತ್ತು ವರ್ಷಗಳಿಂದ ರಸ್ತೆ ಕೆಲಸದಲ್ಲಿದ್ದಾರೆ. ಮೊದಲ ಹತ್ತು ವರ್ಷ ಹನೂರು, ರಾಮಾಪುರದ ಕಡೆ ಜಲ್ಲಿ ಹೊತ್ತರು. ಆಮೇಲೆ ಕೈಗೆ ಬ್ರಷ್ ಬಂತು. ಪಾಲಾರ್‌ನತ್ತ ಹೋಗುವ ರಸ್ತೆಯ ಅಂಚುಗೆರೆ, ಶಾಲೆಗಳ ಮುಂದಿನ ಪಟ್ಟೆಗಳು, ಬಸ್ಸು ನಿಲ್ಲುವ ಜಾಗದ ಗುರುತು: ಎಲ್ಲವನ್ನೂ ಅವರು ಮಂಡಿಗೆ ಗೋಣಿಚೀಲದ ತುಂಡು ಕಟ್ಟಿಕೊಂಡು ಬಳಿದಿದ್ದಾರೆ. ದಿನಕ್ಕೆ ಸರಾಸರಿ 280 ಮೀಟರ್ ಗೆರೆ. ಅದಕ್ಕಾಗಿ ಕುಳಿತು ಏಳುವುದು ನೂರೈವತ್ತು ಬಾರಿಗೆ ಕಡಿಮೆಯಿಲ್ಲ. ‘ನಿಧಾನ’, ‘ಶಾಲಾ ವಲಯ’ ಎಂಬ ಪದಗಳನ್ನು ತಗಡಿನ ಅಚ್ಚು ಇಟ್ಟು ಬರೆಯುತ್ತಾರೆ. ಓದಲು ಬರುತ್ತದೆಯೇ ಎಂದರೆ ನಗುತ್ತಾರೆ: “ಅಕ್ಸರ ನಂಗೊತ್ತಿಲ್ಲ ಕಣ್ರಿ, ಅಚ್ಚಿಗ್ ಗೊತ್ತು. ತಲೆಕೆಳ್ಗಾಗಿ ಇಟ್ರೆ ಮಾತ್ರ ಬಣ್ಣದ ಡಬ್ಬಿ ಹಿಡ್ಕಂಡೋರೆಲ್ಲ ಮೇಷ್ಟ್ರಾಗ್ಬುಡ್ತಾರೆ.”

ಪಟ್ಟಣದ ಬೀದಿ ಸುಧಾರಣಾ ಯೋಜನೆಯ ನಕ್ಷೆಯಲ್ಲಿ ನೇಕಾರರ ಬೀದಿಗೆ ಹದಿನಾಲ್ಕು ಕಾರುಗಳ ನಿಲುಗಡೆ ಚೌಕಗಳಿದ್ದವು. ಒಂದೊಂದರ ಉದ್ದ ಐದೂವರೆ ಮೀಟರ್. ಎದುರು ಬದಿಯಲ್ಲಿ ಚರಂಡಿಯಿರುವುದರಿಂದ ಹದಿನಾಲ್ಕೂ ಒಂದೇ ಬದಿಗೆ ಬಿದ್ದವು. ಚನ್ನಮಲ್ಲಮ್ಮ ನಕ್ಷೆಯಂತೆಯೇ ಎಲ್ಲವನ್ನೂ ಬಳಿದು ಮುಗಿಸಿದರು.

ಮರುದಿನ ಬೆಳಗಿನ ಜಾವ ಎಂಟನೆಯ ಚೌಕದಲ್ಲಿ ಒಂದು ಕಾರು ನಿಂತಿತ್ತು. ಗಂಜಿ ಹಚ್ಚಿದ ಹಾಸನ್ನು ಸುಬ್ಬಯ್ಯ ಆಗಲೇ ಹೊರಗೆ ತಂದಿದ್ದರು. ಹಾಸನ್ನು ಪೂರ್ತಿ ಉದ್ದಕ್ಕೆ ಎಳೆದು ಕಟ್ಟಿ, ಬಿಸಿಲೇರುವ ಮೊದಲು ಎಳೆ ಎಳೆಯಾಗಿ ಬಿಡಿಸಿ ಒಣಗಿಸಬೇಕು. ಸಡಿಲಾದರೆ ಎಳೆಗಳು ಒಂದಕ್ಕೊಂದು ಅಂಟುತ್ತವೆ. ಕಾರನ್ನು ಸುತ್ತುಹಾಕಿ ಕಟ್ಟಲು ನೋಡಿದಾಗ ಆದದ್ದೂ ಅದೇ. ನಾಲ್ಕು ಸಾವಿರಕ್ಕೂ ಹೆಚ್ಚು ಎಳೆಗಳು ಮುದ್ದೆಯಾದವು.

ಬಣ್ಣದ ಡಬ್ಬಿಯೊಂದಿಗೆ ಬಂದ ಚನ್ನಮಲ್ಲಮ್ಮನನ್ನು ಸುಬ್ಬಯ್ಯ ತಡೆದರು. “ನೀನೇ ಏನಮ್ಮ ಈ ಚೌಕ ಬರ್ದೋಳು? ಕಾರಿಗೆ ನಮ್ಮನೆ ಮುಂದೇನೆ ಹಾಸಿಗೆ ಹಾಸ್ಕೊಟ್ಟಿದ್ದೀಯಲ್ಲ, ದಿಂಬೂ ಕೊಡ್ಬೇಕಿತ್ತು!”

“ನಂಗೆ ನಕ್ಸೆ ಕೊಟ್ರು, ಬಳ್ದೆ. ನಕ್ಸೆಲಿ ನಿಮ್ ಆಸು ಇರ್ನಿಲ್ಲ ಕಣಪ್ಪ” ಎಂದು ಹೇಳಿದ ಅವರು ಮುಂದಕ್ಕೆ ಹೋಗಲಿಲ್ಲ. ಮೂರು ದಿನ ಸರಸ್ವತಮ್ಮ ಜಗಲಿಯ ಮೇಲೆ ಕುಳಿತು ಅಂಟಿದ ಎಳೆ ಬಿಡಿಸುವುದನ್ನು ನೋಡಿದರು. ನಾಲ್ಕನೆಯ ದಿನ ಬೆಳಿಗ್ಗೆ ಹಾಸಿನ ಉದ್ದಕ್ಕೆ ಕಟ್ಟುವ ಹಗ್ಗವನ್ನೇ ಕೇಳಿ ಪಡೆದು ಬೀದಿಯಲ್ಲಿ ಹಿಡಿದು ನೋಡಿದರು. ಅದು ಏಳರಿಂದ ಹತ್ತರವರೆಗಿನ ನಾಲ್ಕು ಚೌಕಗಳಷ್ಟು ಉದ್ದವಿತ್ತು. ತಂತಿ ಬ್ರಷ್ ಹಿಡಿದು ಅವರು ಆ ನಾಲ್ಕನ್ನೂ ಕೆರೆದು ತೆಗೆದರು.

ಗುತ್ತಿಗೆದಾರ ಶಿವಕುಮಾರಸ್ವಾಮಿ ಮಧ್ಯಾಹ್ನ ಬಂದರು. “ಡ್ರಾಯಿಂಗ್‌ನಲ್ಲಿ ಹದ್ನಾಲ್ಕದೆ, ರೋಡಲ್ಲಿ ಹತ್ತದೆ. ನಾಕು ಎತ್ಲಾಗೋಯ್ತಮ್ಮಿ?”

“ನಾನೇ ಕೆರ್ದೆ, ಸಾ.”

“ನಾಳೆ ಬಳೀದಿದ್ರೆ ಕೆಲ್ಸುಕ್ ಬರ್ಲೇಬ್ಯಾಡ.”

“ಬತ್ತೀನಿ. ನೀವ್ ಯಾರ್ ಕೈಲಾದ್ರೂ ಬಳುಸ್ರಿ, ನಾನ್ ಕೆರೀತೀನಿ. ಬ್ರಷ್ಷು ನನ್ದೇ.”

ವಿಷಯ ಯೋಜನೆಯ ಕಿರಿಯ ಎಂಜಿನಿಯರ್ ರಮ್ಯಶ್ರೀ ಅವರನ್ನು ತಲುಪಿತು. ಸ್ಥಳಕ್ಕೆ ಬಂದ ಅವರು, ಬೆಳಿಗ್ಗೆ ಐದರಿಂದ ಎಂಟರವರೆಗೆ ವಾಹನ ನಿಲ್ಲಿಸಬಾರದೆಂಬ ಫಲಕ ಹಾಕಿದರೆ ಸಾಲದೇ ಎಂದು ಕೇಳಿದರು. “ರಾತ್ರಿ ನಿಲ್ಸಿ ಮಲಗ್ದೋನನ್ನ ಐದ್ಗಂಟೆಗೆ ಎಬ್ಬಿಸೋರು ಯಾರು ಮೇಡಂ, ನೀವಾ?” ಎಂದು ಸುಬ್ಬಯ್ಯ ಮರುಪ್ರಶ್ನೆ ಹಾಕಿದರು. ಹತ್ತು ಚೌಕ ಸಾಲದೆ ಕಾರುಗಳು ರಸ್ತೆಗೆ ಚಾಚುತ್ತವೆ ಎಂಬುದು ಗುತ್ತಿಗೆದಾರರ ವಾದ: “ಮೂರೇ ದಿನುಕ್ಕೆ ಬೀದಿ ಕಟ್ಕೊತದೆ, ನೋಡ್ತಿರಿ.” ಕೊನೆಗೆ ರಮ್ಯಶ್ರೀ ಒಂದು ಷರತ್ತು ಇಟ್ಟರು. ಯೋಜನೆಯ ಸಿಬ್ಬಂದಿ ಬೀದಿಯಲ್ಲಿ ನಿಲ್ಲುವ ಕಾರುಗಳನ್ನು ಏಳು ದಿನ ಎಣಿಸಬೇಕು. ಹತ್ತು ಚೌಕ ಸಾಲದಿದ್ದರೆ ಉಳಿದ ನಾಲ್ಕನ್ನು ಮತ್ತೆ ಬಳಿಯಬೇಕು, ಚನ್ನಮಲ್ಲಮ್ಮ ಕೆಲಸ ಬಿಡಬೇಕು. ಸಾಕಾದರೆ ನಕ್ಷೆಯನ್ನೇ ತಿದ್ದಬೇಕು, ಅವರು ಉಳಿಯಬೇಕು.

ಆ ಏಳು ದಿನವೂ ಚನ್ನಮಲ್ಲಮ್ಮ 5.40ರ ಬಸ್ಸಿಗೇ ಬಂದಿಳಿದು, ತಿರುವಿನಲ್ಲಿ ಪಾದಚಾರಿ ದಾಟುಪಟ್ಟೆ ಬಳಿಯುತ್ತಾರೆ. ಎಣಿಸುವವರತ್ತ ಒಮ್ಮೆಯೂ ಹೋಗುವುದಿಲ್ಲ. ಕೆಲಸ ಹೋದರೆ ಎಂಬ ಪ್ರಶ್ನೆಗೆ ಬ್ರಷ್ ನಿಲ್ಲಿಸದೆ ಉತ್ತರಿಸುತ್ತಾರೆ: “ಓದ್ರೆ ಓಗ್ಲಿ. ಹತ್ತೊಂಬತ್ ವರ್ಸದಿಂದ ರೋಡಲ್ಲಿ ಮಂಡಿ ಊರೀವ್ನಿ, ಗೆರೆ ಎಳ್ಯಕ್ಕೆ. ಯಾರ್ ಕಾಲ್ಗೂ ಬೀಳಕ್ಕಲ್ಲ.” ಬ್ರಷ್ಷನ್ನು ಡಬ್ಬಿಗೆ ಅದ್ದಿ ಮತ್ತೆ ಹೇಳುತ್ತಾರೆ: “ಇನ್ ಮ್ಯಾಕೆ ನಕ್ಸೆ ಬರಿಯೋರು ಒಂದಿನ ಬೆಳಗ್ಗೆ ಆರ್ ಗಂಟ್ಗೆ ಬಂದು ಬೀದಿಲಿ ನಿಂತ್ಕಂಡು ನೋಡ್ಲಿ. ಆಮ್ಯಾಕೆ ಬರೀಲಿ. ಅಷ್ಟ್ ಆದ್ರೆ ಸಾಕು.”

ಎಣಿಕೆ ಭಾನುವಾರ ಮುಗಿಯಿತು. ಬೆಳಿಗ್ಗೆ ಐದರಿಂದ ರಾತ್ರಿ ಹತ್ತರವರೆಗೆ ಗಂಟೆಗೊಮ್ಮೆ, ದಿನಕ್ಕೆ ಹದಿನೆಂಟರಂತೆ, ಒಟ್ಟು 126 ಎಣಿಕೆಗಳು. ಹತ್ತು ಚೌಕಗಳಲ್ಲಿ ಒಮ್ಮೆಗೆ ನಿಂತ ಕಾರುಗಳ ಗರಿಷ್ಠ ಸಂಖ್ಯೆ: ಏಳು.