ಕೆಂಚಮ್ಮನ ಪಂಕ್ತಿಗೆ ಬಂದ ಕ್ಯಾಮೆರಾ

ಹೂಟಗಳ್ಳಿಯ ಯೋಗೇಂದ್ರನಿಗೆ ಒಂದು ಕಡೆ ಕೂತು ಗೊತ್ತೇ ಇಲ್ಲ. ಮದುವೆಮನೆಗಳಲ್ಲಿ ಫೋಟೋ ತೆಗೆಯುತ್ತಿದ್ದಾಗ ನಿಂತೇ ಊಟ. ಪತ್ರಿಕೆಗೆ ಸೇರಿದ ಮೇಲಂತೂ ಕಾಲಿಗೆ ಚಕ್ರ ಕಟ್ಟಿಕೊಂಡವನ ಹಾಗೆ ತಿರುಗಾಟ. ಆದರೆ ಈಚೆಗೆ ಅವನ ನಿದ್ದೆ ಕೆಡಿಸಿದ್ದು ಕೆಲಸವಲ್ಲ, ಅವನೇ ತೆಗೆದ ಒಂದು ಫೋಟೋ.

ಬೋಗಾದಿಯಾಚೆಯ ಸರ್ಕಾರಿ ಶಾಲೆಯೊಂದರಲ್ಲಿ ದಲಿತರ ಕೇರಿಯ ಕೆಂಚಮ್ಮ ಬಿಸಿಯೂಟದ ಅಡುಗೆಗೆ ಸೇರಿದ್ದೇ ತಡ, ಮೇಲುಜಾತಿಯವರು ತಮ್ಮ ಮಕ್ಕಳ ಕೈಗೆ ಮನೆಯೂಟದ ಡಬ್ಬಿ ಕೊಟ್ಟು ಕಳಿಸತೊಡಗಿದರು. ಒಂದು ಗೋಡೆಗೆ ಡಬ್ಬಿಯ ಮಕ್ಕಳು, ಎದುರು ಗೋಡೆಗೆ ತಟ್ಟೆಯ ಮಕ್ಕಳು, ನಡುವೆ ಸೌಟು ಹಿಡಿದು ನಿಂತ ಕೆಂಚಮ್ಮ. ಯೋಗೇಂದ್ರ ತೆಗೆದ ಆ ಚಿತ್ರ ಮುಖಪುಟದಲ್ಲಿ ಬಂತು. ಮೈಸೂರೇ ಛೀ ಅಂದಿತು. ಅಧಿಕಾರಿಗಳು ಓಡಿ ಬಂದು, ಮಕ್ಕಳನ್ನೆಲ್ಲ ಒಂದೇ ಸಾಲಿನಲ್ಲಿ ಕೂರಿಸಿ, ತಾವೂ ಉಂಡರು. ಆ ಫೋಟೋವನ್ನೂ ಇವನೇ ತೆಗೆದ, ಅದೂ ಅಚ್ಚಾಯಿತು. ಎಲ್ಲರಿಗೂ ಸಮಾಧಾನ. ಇವನಿಗೆ ಮಾತ್ರ ಒಂದೇ ಕೊರೆತ: ಆ ಸಾಲು ಇನ್ನೂ ಇದೆಯೋ ಇಲ್ಲವೋ?

ತಡೆಯಲಾರದೆ ಒಂದು ಮಧ್ಯಾಹ್ನ ಹೇಳದೆ ಕೇಳದೆ ಬೈಕ್ ಹತ್ತಿದ. ಗೇಟಿನಿಂದಲೇ ಕಂಡಿತು: ಮತ್ತೆ ಎರಡು ಗೋಡೆ, ಎರಡು ಸಾಲು. ಇವನ ಹೆಗಲ ಕ್ಯಾಮೆರಾ ಚೀಲ ಕಂಡದ್ದೇ ಹೆಡ್‌ಮೇಷ್ಟ್ರು ವಾಗೀಶ ಚಪ್ಪಾಳೆ ತಟ್ಟಿದರು.

"ಪೇಪರ್‌ನೋರು ಬಂದ್ರು! ಒಟ್ಟಿಗೆ ಕೂತ್ಕೊಳ್ರೋ!"

ಡಬ್ಬಿಗಳು ಬ್ಯಾಗು ಸೇರಿದವು. ಮಕ್ಕಳು ತಟ್ಟೆ ಹಿಡಿದು ಸರಸರ ಬಂದು ಬೆರೆತು ಕೂತು ಹಲ್ಲು ಬಿಟ್ಟರು. ಒಬ್ಬರಾದರೂ ತಡವರಿಸಬೇಕಲ್ಲ! ಅಷ್ಟು ಅಭ್ಯಾಸವಾಗಿತ್ತು.

"ನಾನು ಫೋಟೋಗೆ ಬಂದಿಲ್ಲ ಸಾರ್. ಕೆಂಚಮ್ಮನವರು ಹೆಂಗಿದಾರೆ ನೋಡೋಣ ಅಂತ ಬಂದೆ," ಎಂದು ಯೋಗೇಂದ್ರ ರೇಗಿದ.

"ನೋಡಿದ್ರಲ್ಲ ಸಾ," ಎಂದಳು ಕೆಂಚಮ್ಮ. "ನೀವ್ ಬಂದ್ರೆ ಉಣ್ತವೆ, ಅತ್ಲಾಗ್ ಓದ್ರೆ ಎದ್ದೋಯ್ತವೆ. ಇಂಗೇ ಆದ್ರೆ ನನ್ನ ಕೆಲ್ಸದಿಂದ ಬುಡುಸ್ತಾರಂತೆ. ಅದಿರ್ಲಿ, ಊಟ ಮಾಡ್ತೀರಾ?"

"ಈಗ್ತಾನೇ ಆಯ್ತು ಕಣಮ್ಮ."

"ಮೊದುಲ್ನೇ ಸಲ ಬಂದಾಗ್ಲೂ ಅಂಗೇ ಅಂದ್ರಿ. ಆಫೀಸರ್‌ಗಳು ಉಂಡಾಗ್ಲೂ ಅಂಗೇ ಅಂದ್ರಿ."

ನಾಚಿಕೆಯಿಂದ ಅವನ ಕಿವಿ ಬಿಸಿಯಾಯಿತು. ಒಕ್ಕಲಿಗರ ಮನೆಯಲ್ಲಿ ಬೆಳೆದರೂ ತಾನು ಜಾತಿ ನೋಡುವವನಲ್ಲ ಎಂದೇ ಅವನು ನಂಬಿದ್ದ. ಚೀಲವನ್ನು ಕಿಟಕಿಗೆ ನೇತುಹಾಕಿ ಮಕ್ಕಳ ನಡುವೆ ಚಕ್ಕಂಬಕ್ಕಳ ಹಾಕಿ ಕೂತ. ಕೆಂಚಮ್ಮ ಅನ್ನ ಬಡಿಸಿ ಸಾರು ಹಾಕಿದಳು. ಡಬ್ಬಿಯ ಮಕ್ಕಳು ತಮ್ಮ ತಟ್ಟೆ ಮುಟ್ಟದೆ ಅವನನ್ನೇ ನೋಡುತ್ತಿದ್ದರು. ಅವನು ಕಲಸಿ ತುತ್ತು ಎತ್ತಿದ. ಒಂದು ಕ್ಷಣ, ಒಂದೇ ಒಂದು ಕ್ಷಣ, ಕೈ ಬಾಯಿಗೆ ಹೋಗಲಿಲ್ಲ.

ಕೆಂಚಮ್ಮ ಅದನ್ನು ನೋಡಿಬಿಟ್ಟಳು. ಮಕ್ಕಳೂ ನೋಡಿದರು.