ಬಳೆಗಾರ್ತಿಯ ಬೆರಳು

ನ್ಯಾಮತಿಯ ನಮ್ಮ ಮನೆಗೆ ಬಳೆ ತೊಡಿಸಲು ಬರುತ್ತಿದ್ದ ಅಜ್ಜಿ, ಬಳೆ ಒಡೆಯದಂತೆ ಅಂಗೈ ಹಿಂಡುತ್ತಾ ಎಲ್ಲರಿಗೂ ಒಂದೇ ಮಾತು ಹೇಳುತ್ತಿದ್ದಳು: "ಬಿಗಿ ಹಿಡೀಬ್ಯಾಡ ತಾಯಿ, ಸಡ್ಲ ಬಿಡು."

ಎಪ್ಪತ್ತರ ದಶಕದ ಒಂದು ಬೇಸಿಗೆಯಲ್ಲಿ ಟೈಫಾಯ್ಡ್ ಬಂದುಹೋದ ಮೇಲೆ ನನ್ನ ಕೂದಲು ಉದುರಿ, ನೆತ್ತಿ ತುರಿಸುತ್ತಾ ಬಿಗಿದುಕೊಂಡಿತು. ಅಜ್ಜಿ ಬಂದಾಗಲೆಲ್ಲ ಬಳೆಯ ಮಲಾರ ಪಕ್ಕಕ್ಕಿಟ್ಟು, ಕೊಬ್ಬರಿ ಎಣ್ಣೆಯಲ್ಲಿ ಅದ್ದಿದ ಅದೇ ಬೆರಳುಗಳಿಂದ ನೆತ್ತಿ ಒತ್ತುತ್ತಿದ್ದಳು. ಅವಳ ಬಳೆಗಳ ಸದ್ದು ಎಲ್ಲೋ ದೂರ ಸರಿದು, ನಾನು ನೀರಿನ ಮೇಲೆ ತೇಲಿದಂತಾಗುತ್ತಿತ್ತು.

"ಕೂದ್ಲು ಮತ್ತೆ ಬರ್ತಾವಾ ಅಜ್ಜಿ?"

"ಅದು ನನ್ನ ಕೈಯಾಗಿಲ್ಲವ್ವ. ಬಿಗಿ ಬಿಡ್ಸೋದಷ್ಟೆ ನನಗೆ ಗೊತ್ತೈತೆ."

ಒಂದು ಮಧ್ಯಾಹ್ನ ಮಲಾರ ಎತ್ತಲು ಬಾಗಿದಾಗ ಅವಳ ತಲೆಯ ಮೇಲಿನ ಸೆರಗು ಜಾರಿತು. ನೆತ್ತಿ ನನ್ನದಕ್ಕಿಂತ ಬೋಳಾಗಿತ್ತು. ಗಕ್ಕನೆ ಸೆರಗೆಳೆದು ಎರಡೂ ಕೈಯಲ್ಲಿ ಹಿಡಿದುಕೊಂಡಳು.

ನಾನು ಅವಳನ್ನು ಕೂರಿಸಿ, ಎಣ್ಣೆ ಬಟ್ಟಲು ಎತ್ತಿಕೊಂಡು ಅವಳ ಹಿಂದೆ ಕೂತೆ. "ಬಿಗಿ ಹಿಡೀಬ್ಯಾಡ ಅಜ್ಜಿ," ಎಂದೆ, "ಸಡ್ಲ ಬಿಡು."